ಅಮ್ಮನ ಪಕ್ಕದ ಜಾಗ

ಪ್ರೀತಿಯ ಅಪ್ಪಾ,

ಇದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಭದ್ರಾವತಿಯ ಕಾರ್ಖಾನೆಯಿಂದ ವಿಆರ್‌ಎಸ್ ತೆಗೆದುಕೊಂಡು ಬಂದ ದಿನ, ಊಟಕ್ಕೆ ಕುಳಿತಾಗ, ಇನ್ನು ಮೇಲೆ ನಮ್ಮ ಮನೆಯ ಪ್ರಾರ್ಥನೆ ಕನ್ನಡದಲ್ಲಿ ಎಂದು ನೀವು ಹೇಳಿಬಿಟ್ಟಿರಿ. ಶಿವಮೊಗ್ಗದ ಗೋಪಾಳಕ್ಕೆ ಮನೆ ಬದಲಿಸಿ ಹೊಸ ಕ್ರೈಸ್ತ ಸಭೆ ಶುರು ಮಾಡುತ್ತೇನೆ, ನಮ್ಮ ತಮಿಳು ಆರಾಧನೆ ಅಲ್ಲಿನವರಿಗೆ ಒಂದಕ್ಷರವೂ ತಿಳಿಯುವುದಿಲ್ಲ ಎಂದಿರಿ. ಅಮ್ಮ ಸಾರು ಬಡಿಸುತ್ತಾ, "ನಿಮ್ಮ ದೇವ್ರು ಬೇಕಾದ್ರೆ ಕನ್ನಡ ಕಲೀಲಿ. ನನ್ನ ದೇವ್ರಿಗೆ ತಮಿಳೇ ಸಾಕು" ಎಂದಳು. ನೀವು ನಕ್ಕಿರಿ. ಅವಳು ನಗಲಿಲ್ಲ. ಅದು ತಮಾಷೆಯಲ್ಲ ಎಂದು ತಿಳಿಯಲು ನಿಮಗೆ ಎಷ್ಟು ದಿನ ಬೇಕಾಯಿತು?

ಮಲ್ಲಪ್ಪನವರ ಮನೆಯ ಕೆಳಗೆ ಮುಚ್ಚಿಹೋಗಿದ್ದ ಹಿಟ್ಟಿನ ಗಿರಣಿಯನ್ನು ಬಾಡಿಗೆಗೆ ಕೇಳಲು ಹೋದಾಗ ನಾನೂ ಜೊತೆಗಿದ್ದೆ. ಅಷ್ಟರಲ್ಲಿ ಐದು ಕಡೆ ಇಲ್ಲ ಅನ್ನಿಸಿಕೊಂಡಿದ್ದೆವು. ಒಬ್ಬರಂತೂ ಯಾತಕ್ಕೆ ಎಂದು ಕೇಳಿ, ನೀವು ಬಾಯಿ ತೆರೆಯುತ್ತಿದ್ದಂತೆ ಗೇಟು ಹಾಕಿಕೊಂಡರು. ಮಲ್ಲಪ್ಪನವರು ಹಣೆ ತುಂಬ ವಿಭೂತಿ ಇಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತು ಪೂರ್ತಿ ಕೇಳಿಸಿಕೊಂಡರು. "ಯಾರಿಗೂ ಆಸೆ ತೋರ್ಸಿ ಕರ್ಕೊಂಬರ್ಬೇಡಿ. ತಾವಾಗೇ ಬಂದೋರನ್ನ ನಾನು ತಡೆಯಲ್ಲ. ಮೈಕ್ ಮಾತ್ರ ಬೇಡ ಮಾರಾಯ್ರೆ, ನಮ್ಮನೆ ಭಜನೆಗೂ ನಾನು ಮೈಕ್ ಹಾಕ್ಸಲ್ಲ" ಎಂದರು. ನಿಮಗೆ ಮೈಕಿನ ಅಗತ್ಯವೇ ಇಲ್ಲ ಎಂಬುದು ಮೊದಲ ಭಾನುವಾರವೇ ಅವರಿಗೆ ಗೊತ್ತಾಯಿತು.

ಮೊದಲ ಆರು ತಿಂಗಳ ಭಾನುವಾರಗಳನ್ನು ನೆನೆದರೆ ಈಗಲೂ ನಗು ಬರುತ್ತದೆ. ಎಂಟು ಚಾಪೆ ಹಾಸು ಅನ್ನುತ್ತಿದ್ದಿರಿ. "ಎಂಟು ಯಾಕಪ್ಪಾ, ನಾನು ಮಲ್ಕೊಂಡು ಕೇಳಿದ್ರೂ ಒಂದು ಸಾಕು" ಎಂದರೆ ಸಿಟ್ಟಾಗುತ್ತಿದ್ದಿರಿ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಒಬ್ಬಳೇ ಕುಳಿತಿದ್ದ ನನಗೆ "ಪ್ರಿಯ ಸಹೋದರ ಸಹೋದರಿಯರೇ" ಎಂದು ಮುಕ್ಕಾಲು ಗಂಟೆ ಪ್ರಸಂಗ ಮಾಡುತ್ತಿದ್ದಿರಿ. ಹಳೆಯ ಹಿಟ್ಟು ತೊಲೆಯಿಂದ ಉದುರಿ ನಿಮ್ಮ ಭುಜದ ಮೇಲೆ ಕೂರುತ್ತಿತ್ತು. ಒಂದು ಭಾನುವಾರ ಹಿಂದಿನ ಬೀದಿಯ ಜಯಮ್ಮ ಗೋಧಿಯ ಡಬ್ಬ ಸೊಂಟಕ್ಕಿಟ್ಟುಕೊಂಡು ಬಾಗಿಲಲ್ಲಿ ನಿಂತು, ಗಿರಣಿ ಮತ್ತೆ ಶುರುವಾಯಿತಾ ಎಂದು ಕೇಳಿದಳು. ಇಲ್ಲಮ್ಮ, ಆದರೆ ಕೂತ್ಕೊಳ್ಳಿ ಎಂದಿರಿ. ಡಬ್ಬದ ಸಮೇತ ಕುಳಿತಳು. ಮುಂದಿನ ವಾರ ಡಬ್ಬವಿಲ್ಲದೆ ಬಂದಳು.

ಜಯಮ್ಮ ದೀಕ್ಷಾಸ್ನಾನ ತೆಗೆದುಕೊಂಡ ವರ್ಷದ ಗೌರಿ ಹಬ್ಬ ನಿಮಗೆ ನೆನಪಿರಲೇಬೇಕು. ತಂತಮ್ಮ ಅನುಭವ ಹೇಳಿಕೊಳ್ಳುವ ಸಾಕ್ಷಿಯ ಹೊತ್ತಿನಲ್ಲಿ ಎದ್ದು ನಿಂತು, "ಈ ಸಲ ನಮ್ಮಣ್ಣ ಬಾಗಿನ ತರ್ಲಿಲ್ಲ. ಇನ್ಮುಂದೆ ತರಲ್ವಂತೆ. ನಾನಂತೂ ಇಲ್ಲೇ ಇರ್ತೀನಿ" ಎಂದಷ್ಟೇ ಹೇಳಿ ಕುಳಿತಳು. ಆ ಸಂಜೆ ನೀವು ಗಾಂಧಿ ಬಜಾರಿಗೆ ಹೋಗಿ ಬಳೆ, ರವಿಕೆ ಬಟ್ಟೆ ತಂದಿರಿ. ಹಸಿರು ಬಟ್ಟೆ ನೋಡಿದ ಅಮ್ಮ, "ಅವಳ ಬಣ್ಣಕ್ಕೆ ಇದಾ? ಹೋಗಿ ನೀಲಿ ತನ್ನಿ" ಎಂದು ವಾಪಸ್ ಅಟ್ಟಿದಳು. ಒಂದು ದಿನವೂ ಗಿರಣಿಯೊಳಗೆ ಕಾಲಿಡದವಳು. ನಾಲ್ಕು ವರ್ಷಕ್ಕೆ ಹದಿನೇಳು ಜನರಾದೆವು. ಚಾಪೆ ಸಾಲದೆ ಮಲ್ಲಪ್ಪನವರ ಮನೆಯ ಜಮಖಾನ ಇಸಿದುಕೊಂಡ ದಿನ ನೀವು ಸ್ಕೂಟರಿನ ಮೇಲೆ ಹಾಡುತ್ತಾ ಬಂದಿರಿ.

ಹೆಸರು ತೆಗೆಸುವ ಕಾಗದವನ್ನು ನೀವು ಬರೆದದ್ದೂ ಆ ಸಂಭ್ರಮದಲ್ಲೇ. ಒಬ್ಬರ ಹೆಸರು ಎರಡು ಸಭೆಗಳ ಪಟ್ಟಿಯಲ್ಲಿ ಇರಬಾರದು, ಅದು ಕಪಟ ಎಂಬುದು ನಿಮ್ಮ ವಾದ. ಭದ್ರಾವತಿಯ ಹಳೆಯ ಸಭೆಗೆ ನಮ್ಮ ಮೂವರ ಹೆಸರನ್ನೂ ಬರೆದಿರಿ. ಅಮ್ಮ ಕಾಗದ ಕಸಿದು ತನ್ನ ಹೆಸರಿನ ಮೇಲೆ ಗೀಟು ಹಾಕಿದಳು. "ನಂಗೆ ಜ್ಞಾನಸ್ನಾನ ಆಗಿದ್ದು ಅಲ್ಲಿ, ಮದ್ವೆ ಆಗಿದ್ದು ಅಲ್ಲಿ. ನನ್ನ ಹೆಸರು ತೆಗೆಯೋಕೆ ನೀವ್ಯಾರು?" ಆಮೇಲೂ ಮೊದಲಿನ ಹಾಗೇ ಭಾನುವಾರ ಬೆಳಗಾದರೆ ಅವಳು ಭದ್ರಾವತಿ ಬಸ್ಸಿಗೆ, ನಾವು ಗಿರಣಿಗೆ. ಮಧ್ಯಾಹ್ನ ಬಂದವಳನ್ನು ಅಲ್ಲಿಯ ಪ್ರಸಂಗ ಹೇಗಿತ್ತು ಎಂದು ಕೇಳುತ್ತಿದ್ದಿರಿ. "ನಿಮ್ಮಷ್ಟು ಉದ್ದ ಇರ್ಲಿಲ್ಲ" ಅನ್ನುತ್ತಿದ್ದಳು. ಹೊಸ ಸಭೆ ಕಟ್ಟುವವರು ಹಾಡಲು ಜಾಗ ಹುಡುಕುತ್ತಾರೆ. ಹೂಳಲು ಜಾಗ ಯಾರು ಹುಡುಕುತ್ತಾರೆ? ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಅಲ್ಲಿಯ ಸಮಾಧಿ ಭೂಮಿಯಲ್ಲೂ ಜಾಗವಿಲ್ಲ ಎಂಬ ಮಾತು ಆಗ ನಮ್ಮಿಬ್ಬರ ತಲೆಗೂ ಬರಲಿಲ್ಲ.

ಅಮ್ಮನನ್ನು ಮಣ್ಣು ಮಾಡಿದ ದಿನ ನೀವು ನೆಂಟರ ಹಾಗೆ ಹಿಂದೆ ನಿಂತಿದ್ದಿರಿ. ಭದ್ರಾವತಿ ಸಭೆಯ ಹಿರಿಯರಾದ ಸಾಲೊಮನ್ ಅಂಕಲ್ ಬಂದು ಕೈಹಿಡಿದು ಮುಂದೆ ಕರೆದುಕೊಂಡು ಹೋದರು. ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತಾ, "ಅವಳ ಪಕ್ಕದಲ್ಲಿ ಜಾಗ ಖಾಲಿ ಇದೆ..." ಎಂದಿರಿ. ಅಷ್ಟೇ. ಅದು ಆಸೆಯಾ, ಸುಮ್ಮನೆ ಕಂಡದ್ದನ್ನು ಹೇಳಿದ್ದಾ? ಆಗಲೇ ಕೇಳಬೇಕಿತ್ತು. ಕೇಳಲಿಲ್ಲ. ಆಮೇಲೆ ಎರಡೇ ವರ್ಷ ಇದ್ದಿರಿ.

ನಿಮ್ಮ ಎದೆನೋವು ಗುರುವಾರ ಮಧ್ಯಾಹ್ನ ಬಂತು, ಸಂಜೆಗೆ ಎಲ್ಲ ಮುಗಿದುಹೋಯಿತು. ಮರುದಿನ ಬೆಳಿಗ್ಗೆ ಮಲ್ಲಪ್ಪನವರು ಮನೆಗೆ ಬಂದು, ಚಪ್ಪಲಿ ಬಿಟ್ಟು, ನಿಮ್ಮ ಕಾಲ ಬಳಿ ಬಹಳ ಹೊತ್ತು ಕುಳಿತರು. "ನಮ್ಮಲ್ಲೂ ಹೂಳೋದೇ ಅಲ್ವೇನಮ್ಮ. ನಮ್ಮ ಮನೆತನದ ಜಾಗ ಇದೆ. ತಮ್ಮಂದಿರ ಜೊತೆ ನಾನು ಮಾತಾಡ್ತೀನಿ. ಪಾಸ್ಟ್ರು ನಮ್ಮವರ ಹತ್ರಾನೇ ಇರ್ಲಿ ಬಿಡು" ಎಂದರು. ಜಯಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಯಾರಿಗಾಗಿ ನೀವು ಊರು ಬಿಟ್ಟು ಬಂದಿರೋ ಅವರೇ ನಿಮಗೆ ಮಣ್ಣು ಕೊಡಲು ಬಂದಿದ್ದರು. ಇದಕ್ಕಿಂತ ದೊಡ್ಡದೇನು ಸಿಗಬೇಕಿತ್ತು ನಿಮಗೆ? ನಾನು ಮಾತ್ರ ಬಸ್ಸಿನ ಆ ಅರ್ಧ ಮಾತನ್ನು ಹಿಡಿದುಕೊಂಡು, ಸ್ವಲ್ಪ ಇರಿ ಎಂದು ಹೇಳಿ ಭದ್ರಾವತಿಗೆ ಓಡಿದೆ.

ಸಾಲೊಮನ್ ಅಂಕಲ್ ನನ್ನನ್ನು ನೋಡಿದ್ದೇ ಅತ್ತುಬಿಟ್ಟರು. ಅವರನ್ನು ಬೈಯಲಾರೆ. "ಪಟ್ಟೀಲಿ ಹೆಸರಿಲ್ಲಮ್ಮ ಗ್ರೇಸಿ, ಕಮಿಟಿಯವರು ಒಪ್ಪಲ್ಲ. ಒಂದು ದಾರಿ ಇದೆ. ಬೇರೆ ಸಭೆ ಮಾಡಿದ್ದು ತಪ್ಪಾಯ್ತು, ವಾಪಸ್ ಬರ್ತೀನಿ ಅಂತ ಕೊನೇಲಿ ಹೇಳಿದ್ರು ಅಂತ ನೀನು ಬರ್ಕೊಟ್ರೆ ಸಾಕು. ಹೇಳಿದ್ರು ತಾನೆ?" ಎಂದರು. ನಾನು ಹೂಂ ಅಂದೆ. ಬರೆದೆ. ರುಜು ಹಾಕಿದೆ. ಅಪ್ಪಾ, ಆಫೀಸಿನ ಮೂಲೆಯಲ್ಲಿ ಮುಚ್ಚಿಡುವ ಕಾಗದ ಅದು ಎಂದುಕೊಂಡಿದ್ದೆ. ಪೆಟ್ಟಿಗೆ ಇಳಿಸುವ ಮುಂಚೆ ಸತ್ತವರ ಜೀವನ ಚರಿತ್ರೆ ಓದುವುದು ನಮ್ಮ ಪದ್ಧತಿ ಅಲ್ಲವೇ? ಹುಟ್ಟಿದ್ದು, ಜ್ಞಾನಸ್ನಾನ, ಮದುವೆ, ಕೊನೆಗೆ ಯಾವ ಸಭೆಯವರು ಎಂಬುದು. ಚಿಕ್ಕಂದಿನಿಂದ ಎಷ್ಟು ಸಲ ಕೇಳಿದ್ದೇನೆ. ಅದು ಹೇಗೆ ಮರೆತೆ?

ನಮ್ಮ ಸಭೆಯ ಉಳಿದ ಹದಿನೈದು ಜನರೂ ಟೆಂಪೋದಲ್ಲಿ ಬಂದಿದ್ದರು, ಮಲ್ಲಪ್ಪನವರೂ ಬಂದಿದ್ದರು. ಅಂಕಲ್ ತಮಿಳಿನಲ್ಲಿ ಓದಿದ ಚರಿತ್ರೆಯ ಕೊನೆಗೆ ನನ್ನ ಕಾಗದದ ಮಾತೂ ಬಂತು. ಆಮೇಲೆ, ಶಿವಮೊಗ್ಗದವರಿಗೂ ತಿಳಿಯಲಿ ಎಂದು, ಒಳ್ಳೆಯ ಮನಸ್ಸಿನಿಂದಲೇ, ಕನ್ನಡದಲ್ಲೂ ಓದಿದರು. ಪ್ರತ್ಯೇಕ ಸಭೆ ಕಟ್ಟಿದ್ದಕ್ಕೆ ಇವರು ಪಶ್ಚಾತ್ತಾಪಪಟ್ಟು ಮಾತೃಸಭೆಗೆ ಹಿಂತಿರುಗಿದರು ಎಂದು. ಜಯಮ್ಮನ ಕೈಯಲ್ಲಿ ಹಿಡಿ ಮಣ್ಣಿತ್ತು. ನಿಮ್ಮ ಮೇಲೆ ಮೆಲ್ಲಗೆ ಹಾಕಿದಳು. ನನ್ನ ಕಡೆ ತಿರುಗದೆ ಹೋಗಿ ಟೆಂಪೋದಲ್ಲಿ ಕುಳಿತಳು.

ಮುಂದಿನ ಭಾನುವಾರ ಎಂಟು ಚಾಪೆ ಹಾಸಿ ಕುಳಿತೆ. ಯಾರೂ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಮೂರನೆಯ ವಾರ ಮಲ್ಲಪ್ಪನವರು ಇಳಿದು ಬಂದು, "ಯಾಕಮ್ಮ, ಹಾಡೇ ಕೇಳಲ್ವಲ್ಲ?" ಎಂದರು. ಅಲ್ಲೇ ಕುಳಿತು ಎಲ್ಲ ಹೇಳಿದೆ. ಅವರು ಗದರಲಿಲ್ಲ. "ನನ್ನ ಹತ್ರ ಹೇಳಿ ಏನು ಬಂತು? ನೋವು ಉಂಡೋರು ಅವರು, ಅವರಿಗೆ ಹೇಳು" ಎಂದು ಮೇಲೆ ಹೋದರು.

ಜಯಮ್ಮನ ಮನೆಗೆ ಹೋದಾಗ ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಹೇಳಿ ಮುಗಿಸುವವರೆಗೂ ಸುಲಿಯುತ್ತಲೇ ಇದ್ದಳು. "ಅಂದ್ರೆ ಅವರು ಹಾಗಂದಿಲ್ಲ."

"ಇಲ್ಲ."

"ಒಂದಿನಾನೂ?"

"ಒಂದಿನಾನೂ ಇಲ್ಲ ಜಯಮ್ಮ."

ಮೊರ ಪಕ್ಕಕ್ಕಿಟ್ಟು, ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. "ಅಣ್ಣನ್ನ ಬಿಟ್ಟು ಬಂದೆ. ಈ ಅಣ್ಣನೂ ನಮ್ಮನ್ನ ತಪ್ಪು ಅಂದ್ಬಿಟ್ಟು ಹೋದ್ರಲ್ಲ ಅಂತ ಮೂರು ವಾರ ನಾನು ಹೇಗಿದ್ದೆ ಗೊತ್ತಾ ನಿಂಗೆ? ಅಲ್ಲಿ ಎಲ್ರ ಮುಂದೆ ಓದಿದ್ರು. ನೀನೂ ಎಲ್ರ ಮುಂದೆ ಹೇಳು. ನಾನು ಕರ್ಕೊಂಬರ್ತೀನಿ."

ಮೊದಲು ಭದ್ರಾವತಿಗೆ ಹೋಗಿ ಸಾಲೊಮನ್ ಅಂಕಲ್‌ಗೆ ಹೇಳಿದೆ. ಕನ್ನಡಕ ತೆಗೆದು ಒರೆಸಿಕೊಂಡರು. "ನಂಗೂ ಅನುಮಾನ ಇತ್ತಮ್ಮ. ಕೇಳಿದೋನು ನಾನೇ ಅಲ್ವಾ. ಮಣ್ಣು ತೆಗೆಯೋ ಮಾತಿಲ್ಲ, ಹೆದರ್ಬೇಡ. ಆದ್ರೆ ಸಭೆಯವರಲ್ಲದವರಿಗೆ ಹೆಸರಿನ ಕಲ್ಲು ಹಾಕೋಕೆ ಬಿಡಲ್ಲ" ಎಂದರು. ಆಗಲಿ ಎಂದೆ. ಸುಳ್ಳಿನ ಕಲ್ಲಿಗಿಂತ ಬರೀ ಮಣ್ಣೇ ಇರಲಿ ಎಂದು ಧೈರ್ಯ ತಂದುಕೊಂಡೆ, ಆದರೆ ಬಸ್ ಸ್ಟ್ಯಾಂಡಿನವರೆಗೂ ಅಳುತ್ತಲೇ ನಡೆದೆ. ನಿಮ್ಮ ಹೆಸರು ಎಲ್ಲೂ ಇರದಂತೆ ಮಾಡಿದವಳು ನಾನೇ ಅಲ್ಲವೇ?

ಕಳೆದ ಭಾನುವಾರ ಗಿರಣಿಗೆ ಹತ್ತು ಜನ ಬಂದರು. ನೀವು ನಿಲ್ಲುತ್ತಿದ್ದ ಕಡೆ ನಿಂತು ಹೇಳಿದೆ. ನಮ್ಮಪ್ಪ ಹಿಂತಿರುಗಲಿಲ್ಲ, ನಿಮ್ಮನ್ನು ತಪ್ಪು ಅನ್ನಲಿಲ್ಲ, ಅದು ನನ್ನ ಸುಳ್ಳು ಎಂದೆ. ಇಬ್ಬರು ನಡುವೆಯೇ ಎದ್ದು ಹೋದರು. ಆ ದಿನ ಬರದವರು ಬಹುಶಃ ಇನ್ನು ಬರುವುದಿಲ್ಲ. ಎಂಟು ಜನ ಉಳಿದರು. ಜಯಮ್ಮ ಹಾಡು ಎತ್ತಿದಳು, ಶ್ರುತಿ ತಪ್ಪಿ, ನಿಮ್ಮ ಹಾಗೇ ಜೋರಾಗಿ. ಮುಂದಿನ ವಾರದಿಂದ ಪ್ರಸಂಗ ಯಾರದು ಎಂದು ನಾನು ಕೇಳಿದ್ದಕ್ಕೆ ಎಲ್ಲರೂ ನನ್ನ ಕಡೆ ನೋಡಿದರು. ನನಗೇನು ಬರುತ್ತದೆ ಅಪ್ಪಾ? ಆದರೂ ಹೂಂ ಅಂದಿದ್ದೇನೆ. ಈ ಸಲದ ಹೂಂ ಉಳಿಸಿಕೊಳ್ಳುತ್ತೇನೆ.

ಒಬ್ಬಳಿಗೆ ಮಾತ್ರ ಇನ್ನೂ ನಿಜ ಹೇಳಿಲ್ಲ. ನಿನ್ನೆ ಅಮ್ಮನ ಸಮಾಧಿಗೆ ಹೂ ತೆಗೆದುಕೊಂಡು ಹೋಗಿದ್ದೆ, ಬಾಯಿ ಬರಲಿಲ್ಲ. ಅಷ್ಟು ವರ್ಷ ಬಸ್ಸಿನಲ್ಲಿ ಒಬ್ಬಳೇ ಓಡಾಡಿದವಳು, ಕೊನೆಗೂ ಗಂಡ ನನ್ನ ಸಭೆಗೇ ಬಂದ ಎಂದು ಆ ಕಾಗದ ಕೇಳಿ ಸಂತೋಷಪಟ್ಟಿದ್ದರೆ... ಅದನ್ನು ಕಸಿದುಕೊಳ್ಳಲು ನನ್ನಿಂದ ಆಗುವುದಿಲ್ಲ ಅಪ್ಪಾ. ಪಕ್ಕದಲ್ಲೇ ಇದ್ದೀರಲ್ಲ, ನೀವೇ ಹೇಳಿ. ಅವಳ ಭಾಷೆಯಲ್ಲೇ ಹೇಳಿ.

ನಿಮ್ಮ ಮಗಳು,
ಗ್ರೇಸಿ