ಓಣಿಯಲ್ಲಿ ಕೂರುವುದಿಲ್ಲವೆಂದು ನಾನು ಬರೆದುಕೊಟ್ಟ ಮುಚ್ಚಳಿಕೆ

ಮಾನ್ಯ ಪುರಸಭೆ ಮುಖ್ಯಾಧಿಕಾರಿಗಳೇ,

ನಮ್ಮ ಓಣಿಯ ಹೆಂಗಸರು ತಮ್ಮ ಬಾಗಿಲ ಮುಂದೆ ತಾವು ಕೂರಬಾರದೆಂದು ನೀವು ಆಜ್ಞೆ ಹೊರಡಿಸಿ ನಾಲ್ಕು ತಿಂಗಳಾಯಿತು. ಅದನ್ನು ಹಿಂದಕ್ಕೆ ಪಡೆಯಿರೆಂದು ಮೂರು ಅರ್ಜಿ ಕೊಟ್ಟಿದ್ದೇನೆ. ಮೂರಕ್ಕೂ ನಿಮ್ಮ ಕಚೇರಿಯವರು ಮುದ್ರೆ ಒತ್ತಿದ್ದಾರೆ, ಉತ್ತರ ಕೊಟ್ಟಿಲ್ಲ. ಆದ್ದರಿಂದ ಈಗ ಎಲ್ಲರೆದುರು ಬರೆಯುತ್ತಿದ್ದೇನೆ. ಊರಿನ ಹೆಸರು ಹಾಕಿಲ್ಲ. ನಾನು ಸರಕಾರಿ ಸಂಬಳದ ಪ್ರೌಢಶಾಲಾ ಶಿಕ್ಷಕ, ಅಂಜಿಕೆ ಇನ್ನೂ ಪೂರ್ತಿ ಹೋಗಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಎಲ್ಲಿಯವರು ಓದಿದರೂ ತಮ್ಮ ಓಣಿಯೆಂದೇ ತಿಳಿದುಕೊಳ್ಳಲಿ.

ನಿಮ್ಮ ಫಲಕದ ಮೇಲಿನ ಮಾತು ಇದು: 'ಸಾರ್ವಜನಿಕ ರಸ್ತೆ ಹಾಗೂ ಓಣಿಗಳಲ್ಲಿ ಅನಗತ್ಯವಾಗಿ ಕುಳಿತುಕೊಳ್ಳುವುದು, ಗುಂಪುಗೂಡುವುದು, ಬಟ್ಟೆಬರೆ ಹರಡುವುದನ್ನು ನಿಷೇಧಿಸಲಾಗಿದೆ.' ಇಪ್ಪತ್ತಾರು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದವನು ನಾನು. ಇದರಲ್ಲಿನ 'ಅನಗತ್ಯವಾಗಿ' ಎಂಬ ಒಂದು ಪದದ ಅರ್ಥ ನನಗಿನ್ನೂ ಹತ್ತಿಲ್ಲ. ಅಗತ್ಯವಾಗಿ ಕೂರುವುದು ಹೇಗಿರುತ್ತದೆ? ಅದಕ್ಕೆ ಯಾರ ಪ್ರಮಾಣಪತ್ರ ಬೇಕು? ಅರ್ಜಿ ಹಿಡಿದು ನಿಮ್ಮ ಕಚೇರಿಯ ಬಾಗಿಲಲ್ಲಿ ನಾನು ಎರಡು ತಾಸು ಕೂತಿದ್ದು ಯಾವ ವರ್ಗಕ್ಕೆ ಸೇರುತ್ತದೆ?

ನನ್ನ ಅಕ್ಕ ಹಾಲವ್ವನಿಗೆ ಅರವತ್ತೊಂದು ವರ್ಷ. ಗಂಡ ತೀರಿಕೊಂಡ ಮೇಲೆ ಮಗಳು ಅಕ್ಷತಾಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು, ಕೌದಿ ಹೊಲಿಯುತ್ತಲೇ ಮಗಳನ್ನು ದೊಡ್ಡವಳನ್ನಾಗಿ ಮಾಡಿದಳು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ನಡುವಿನವರೆಗೆ ಸಾಲುಹೊಲಿಗೆ ಹಾಕುವ ಕೆಲಸ ಅದು. ಅದನ್ನು ಪೂರಾ ಹರಡದೆ ಹೊಲಿಯಲಾಗದು. ಹರಡುವಷ್ಟು ಜಾಗ ನಮ್ಮ ಮನೆಯೊಳಗಿಲ್ಲ, ಬೆಳಕಂತೂ ಮೊದಲೇ ಇಲ್ಲ. ಹೀಗಾಗಿ ಮಧ್ಯಾಹ್ನ ಎರಡರ ಮೇಲೆ, ಓಣಿಯ ಒಂದು ಮಗ್ಗುಲಿಗೆ ನೆರಳು ಇಳಿದಾಗ, ನಾಲ್ಕೈದು ಹೆಂಗಸರು ಕೌದಿಯ ಸುತ್ತ ಕೂರುತ್ತಿದ್ದರು. ಎದುರು ಮನೆಯ ಸೊಸೆ ಸರಿತಾ ಮದುವೆಯಾಗಿ ಬಂದ ವರ್ಷ ಬಾಯಿಬಿಟ್ಟು ಅತ್ತದ್ದು ಅಲ್ಲೇ. ಸೂಜಿ ಕೆಳಗಿಟ್ಟು ಎದ್ದುಹೋಗಿ ಅವಳ ಅತ್ತೆಯೊಡನೆ ಮಾತಾಡಿ ಬಂದವಳು ನನ್ನ ಅಕ್ಕ. ಮಾನ್ಯರೇ, ಅದು ಅನಗತ್ಯ ಕುಳಿತುಕೊಳ್ಳುವಿಕೆಯೇ?

ನಿಮ್ಮ ಪರವಾಗಿಯೂ ಒಂದು ಮಾತು ಹೇಳಬೇಕು. ಓಣಿ ಸಣ್ಣದು, ಬೈಕುಗಳು ಹೆಚ್ಚಾಗಿವೆ. ಬೈಕು ಬಂದಾಗ ಅವರು ಕೌದಿಯ ಅಂಚು ಮಡಚಿ ದಾರಿ ಕೊಡುತ್ತಿದ್ದರು, ಒಮ್ಮೊಮ್ಮೆ ತಡವೂ ಆಗುತ್ತಿತ್ತು. ಯಾರಾದರೂ ದೂರು ಕೊಟ್ಟಿರಬಹುದು. ಹಾಗಿದ್ದರೆ ಒಬ್ಬರನ್ನು ಕಳಿಸಿ, ಇಷ್ಟು ಬಿಟ್ಟು ಕೂರಿರವ್ವಾ ಎಂದು ಸುಣ್ಣದಲ್ಲೊಂದು ಗೆರೆ ಎಳೆಸಬಹುದಿತ್ತು. ನೀವು ಕಸದ ಗಾಡಿ ಕಳಿಸಿದಿರಿ.

ಆ ದಿನ ಹಾಲವ್ವ ಹೊಲಿಯುತ್ತಿದ್ದದ್ದು ಮಾರಾಟದ ಕೌದಿಯಲ್ಲ. ಲೋಕಾಪುರಕ್ಕೆ ಕೊಟ್ಟ ಅಕ್ಷತಾ ಏಳು ತಿಂಗಳ ಬಸುರಿ. ಹುಟ್ಟುವ ಕೂಸಿಗೆಂದು, ಎರಡು ವರ್ಷದ ಹಿಂದೆ ತೀರಿಕೊಂಡ ನಮ್ಮ ಅವ್ವನ ಸೀರೆಗಳನ್ನು ಟ್ರಂಕಿನಿಂದ ತೆಗೆದಿದ್ದಳು. ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಗಾಡಿಯಿಂದ ಇಳಿದ ನಿಮ್ಮ ನೌಕರ ಒರಟನೇನಲ್ಲ.

"ಏಳ್ರಿ ಅವ್ವಾರ, ಆರ್ಡರ್ ಬಂದೈತಿ. ಹಾದ್ಯಾಗ ಕೂಡಂಗಿಲ್ಲ," ಅಂದನಂತೆ.

"ಇದು ಹಾದಿ ಅಲ್ಲಪಾ, ನಮ್ಮ ಬಾಗಲಾ," ಅಂದಳಂತೆ ಅಕ್ಕ.

"ನನಗ ಫೋಟೊ ಕಳಸಬೇಕ್ರಿ. ಓಣಿ ಖಾಲಿ ಕಾಣಬೇಕು."

ಅವನು ಚಾಪೆಯನ್ನೂ ಕೌದಿಯನ್ನೂ ಸುತ್ತಿ ಗಾಡಿಯ ಹಿಂದೆ ಹಾಕಿದ. ಫೋಟೊ ತೆಗೆದುಕೊಂಡ. ನಾನು ಆಗ ಶಾಲೆಯಲ್ಲಿದ್ದೆ. ಸರಿತಾ ಫೋನು ಮಾಡಿದಳು: "ಸರ್, ಅಕ್ಕಾರು ಗಾಡಿ ಹಿಂದ ನಡಕೋತ ಹೊಂಟಾರ್ರಿ. ಕಾಲಾಗ ಚಪ್ಪಲಿಲ್ಲ."

ನಾನು ಬರುವಷ್ಟರಲ್ಲಿ ಅಕ್ಕ ನಿಮ್ಮ ಕಚೇರಿಯ ಗೇಟಿನಲ್ಲಿ ನಿಂತಿದ್ದಳು. ಒಳಗೆ ನಿಮ್ಮ ಸಿಬ್ಬಂದಿ ನನ್ನನ್ನು ಗುರುತಿಸಿ, "ನೀವ ಸಾಲಿ ಮಾಸ್ತರು, ನೀವ ನಿಯಮ ಪಾಲಸಲಿಲ್ಲಂದ್ರ ಹೆಂಗ್ರಿ ಸರ?" ಎಂದು ಟೈಪು ಮಾಡಿಟ್ಟ ಹಾಳೆ ಮುಂದೆ ಸರಿಸಿದರು. ಮುಚ್ಚಳಿಕೆ ಪತ್ರ. ನಾನೂ ನನ್ನ ಕುಟುಂಬದ ಯಾವ ಸದಸ್ಯರೂ ಇನ್ನು ಮುಂದೆ ಓಣಿಯಲ್ಲಿ ಕುಳಿತುಕೊಳ್ಳುವುದಿಲ್ಲ, ತಪ್ಪಿದಲ್ಲಿ ಮುಂದಿನ ಕ್ರಮಕ್ಕೆ ಬದ್ಧ ಎಂದಿತ್ತು. ನಾನು ವಾದ ಮಾಡಬೇಕಿತ್ತು. ಇದು ಯಾವ ಕಾಯ್ದೆಯ ಯಾವ ಕಲಮಿನಡಿ ಎಂದು ಕೇಳಬೇಕಿತ್ತು. ನನಗೆ ನನ್ನ ಸೇವಾ ಪುಸ್ತಕ ನೆನಪಾಯಿತು, ನಿವೃತ್ತಿಗೆ ಉಳಿದ ಮೂರು ವರ್ಷ ನೆನಪಾಯಿತು. ಸಹಿ ಮಾಡಿದೆ. ಕೌದಿ ಕೊಟ್ಟರು. ಒಂದು ಮಗ್ಗುಲಿಗೆಲ್ಲ ಕೊಳೆತ ಟೊಮೆಟೊ ಅಂಟಿತ್ತು.

ಅಕ್ಕ ಅದನ್ನು ಎರಡು ಸಲ ಒಗೆದಳು. ಮರುದಿನ ಮಧ್ಯಾಹ್ನ ಅವಳು ಮತ್ತೆ ಚಾಪೆ ತೆಗೆದಾಗ ನಾನು ತಡೆದು ಸಹಿಯ ವಿಷಯ ಹೇಳಬೇಕಾಯಿತು. ಏನು ಬರೆದಿತ್ತು ಓದು ಅಂದಳು. ಮೊಬೈಲಿನಲ್ಲಿದ್ದ ಪ್ರತಿಯನ್ನು ಓದಿದೆ.

"ಶಿವಯೋಗಿ, ನೀ ಎಂದರ ಅಲ್ಲಿ ಕುಂತೀ ಏನು?" ಎಂದು ಕೇಳಿದಳು.

"ಇಲ್ಲ."

"ಮತ್ತ ನಾ ಕೂಡೂದನ್ನ ನೀ ಹೆಂಗ ಬಿಟ್ಟಕೊಟ್ಟಿ?"

ನಿಮ್ಮ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ಕೂತಾಗಲೆಲ್ಲ ಈ ಪ್ರಶ್ನೆ ಅಡ್ಡ ಬರುತ್ತದೆ. ನೀವು ಅವಳನ್ನು ಕೇಳದೆ ಆಜ್ಞೆ ಬರೆದಿರಿ, ನಾನು ಅವಳನ್ನು ಕೇಳದೆ ಒಪ್ಪಿಗೆ ಬರೆದೆ. ಅವಳು ಗೇಟಿನಲ್ಲೇ ನಿಂತಿದ್ದಳು, ಹತ್ತು ಹೆಜ್ಜೆ ನಡೆದು ಕೇಳಬಹುದಿತ್ತು.

ಆಮೇಲೆ ನಮ್ಮದು 'ಮಾದರಿ ಓಣಿ' ಎಂದು ನೀವು ಫಲಕ ಹಾಕಿಸಿದಿರಿ. ನಿಜ, ಮಧ್ಯಾಹ್ನ ನೋಡಿದರೆ ಬಹಳ ಚೊಕ್ಕಟ. ಒಂದು ಮನುಷ್ಯಪ್ರಾಣಿ ಕಾಣುವುದಿಲ್ಲ. ಹೆಂಗಸರು ತಂತಮ್ಮ ಮನೆಯೊಳಗೆ ಟಿವಿ ಹಚ್ಚಿಕೊಂಡಿದ್ದಾರೆ. ಸರಿತಾ ಈಗ ಎಲ್ಲಿ ಅಳುತ್ತಾಳೋ ನನಗೆ ಗೊತ್ತಿಲ್ಲ.

ಹಾಲವ್ವ ಎಂಟು ದಿನ ಒಳಗೆ ಬಲ್ಬಿನ ಕೆಳಗೆ ಹೊಲಿದು ನೋಡಿದಳು. ಸಾಲು ಸೊಟ್ಟಗಾಯಿತು, ಬಿಚ್ಚಿದಳು. ಒಂಬತ್ತನೆಯ ದಿನ ಊಟ ಮಾಡಿ, ಕೌದಿಯನ್ನು ಗಂಟು ಕಟ್ಟಿಕೊಂಡು ಹುನ್ನೂರಿನ ಬಸ್ಸು ಹತ್ತಿದಳು. ಅಲ್ಲಿ ನಮ್ಮ ಸೋದರಮಾವನ ಮಗ ಗಿರಿಮಲ್ಲಪ್ಪನ ಮನೆಯ ಮುಂದೆ ಅಗಲವಾದ ಅಂಗಳವಿದೆ. ಸಂಜೆ ತಿರುಗಿ ಬಂದಳು. ಮರುದಿನ ಮತ್ತೆ ಹೋದಳು. ಹೆಂಗಸರಿಗೆ ಬಸ್ಸು ಬಿಟ್ಟಿ. ಸರಕಾರದ ಒಂದು ಇಲಾಖೆ ಅವಳನ್ನು ಬಾಗಿಲಿಂದ ಎಬ್ಬಿಸಿತು, ಇನ್ನೊಂದು ಇಲಾಖೆ ಪರರ ಬಾಗಿಲಿಗೆ ಒಯ್ದು ಬಿಡುತ್ತಿತ್ತು. ಮೂರು ವಾರ ಹೀಗೆ ಹೋಗಿ ಕೌದಿ ಮುಗಿಸಿದಳು. ಅಕ್ಷತಾಳಿಗೆ ಹೆಣ್ಣು ಹುಟ್ಟಿದೆ, ಕೂಸು ಅದರ ಮೇಲೆಯೇ ಮಲಗುತ್ತದೆ. ಅಕ್ಕ ಮಾತ್ರ ಹುನ್ನೂರಿಗೆ ಹೋಗುವುದನ್ನು ಬಿಟ್ಟಿಲ್ಲ. ಕಳೆದ ಶನಿವಾರ ಶಾಲೆ ಬೇಗ ಬಿಟ್ಟಿತ್ತು, ನಾನೂ ಜೊತೆಗೆ ಹೋದೆ. ನಿರ್ವಾಹಕ ಅವಳ ಹೊಸ ಕೌದಿಯ ಗಂಟು ನೋಡಿ, "ದಿನಾ ಹೊಕ್ಕೀರಲ್ರಿ ಅವ್ವಾರ, ಏನ್ ಕೆಲಸಾ?" ಎಂದು ಕೇಳಿದ.

"ಕೂಡಾಕ," ಅಂದಳು. ಅವನು ಸೀಟಿನ ಕಡೆ ಕೈ ತೋರಿಸಿದ. ಅವಳು ನಗಲಿಲ್ಲ, ನಾನೂ ನಗಲಿಲ್ಲ.

ನನ್ನ ಕೇಳಿಕೆ ದೊಡ್ಡದಲ್ಲ. ಆ ಆಜ್ಞೆಯಿಂದ ಓಣಿಗಳನ್ನು ಬಿಟ್ಟುಬಿಡಿ. ಅದಕ್ಕೆ ಸಭೆ, ಠರಾವು ಎಂದು ತಡವಾಗುವುದಾದರೆ, ನನ್ನ ಸಹಿಯ ಮುಚ್ಚಳಿಕೆ ಪತ್ರವನ್ನಾದರೂ ಮೊದಲು ಹಿಂದಿರುಗಿಸಿ. ಹಾಲವ್ವನ ಬಗ್ಗೆ ಬರೆದುಕೊಡುವ ಅಧಿಕಾರ ನನಗಿರಲಿಲ್ಲ. ಅವಳಿಂದಲೇ ಬೇಕೆಂದರೆ ಬಂದು ಕೇಳಿ. ಸಂಜೆ ಆರರ ಬಸ್ಸಿಗೆ ಊರಿಗೆ ಬಂದಿರುತ್ತಾಳೆ.

ಇಂತಿ,
ಈ ಸಲ ತನ್ನೊಬ್ಬನ ಪರವಾಗಿ ಮಾತ್ರ ಸಹಿ ಮಾಡುತ್ತಿರುವ
ಶಿವಯೋಗಿ
ಕನ್ನಡ ಶಿಕ್ಷಕ