ಉಪ್ಪು ಹೆಚ್ಚಾದ ಬ್ರೆಡ್ಡು

ಶುಕ್ರವಾರ, ಸಂಜೆ ಆರು ಗಂಟೆ

ಪ್ರೀತಿಯ ಪುಟ್ಟೀ,

ಈಗ ತಾನೇ ಬೇಕರಿಯಿಂದ ಬಂದು ಕಾಲು ಚಾಚಿ ಕೂತೆ. ಬೆಳಿಗ್ಗೆ ಹಿಟ್ಟು ನಾದಿದೆ, ಮಧ್ಯಾಹ್ನ ಬೈಸಿಕೊಂಡೆ, ಆಮೇಲೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ದಿನಚರಿಯಲ್ಲಿ ಬರೆದರೆ ಅದು ತಿರುಗಿ ನಗುವುದಿಲ್ಲ. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ.

ಕ್ಯಾನ್ಸರಿನ ಔಷಧಿ ಮುಗಿದರೂ ನಾಲಿಗೆಗೆ ರುಚಿ ಮರಳಿಲ್ಲವೆಂದು ನಿನಗೊಬ್ಬಳಿಗೇ ಗೊತ್ತಿತ್ತು. ಬೇಕರಿಯಲ್ಲಿ ಹೇಳಿದರೆ ಯಜಮಾನಮ್ಮ ನನ್ನನ್ನು ಹಿಟ್ಟಿನ ಮುಂದಿನಿಂದ ಎಬ್ಬಿಸಿ ಗಲ್ಲಾದಲ್ಲಿ ಕೂರಿಸುತ್ತಾರೆ ಅನ್ನುವ ಭಯ. ನಿಮ್ಮಣ್ಣ ವಿಚ್ಛೇದನ ಪಡೆದು ಹೋದ ಮೇಲೆ ನನ್ನದು ಅಂತ ಉಳಿದದ್ದು ಈ ಕೆಲಸ ಒಂದೇ. ಇವತ್ತು ಹಿಟ್ಟಿಗೆ ಉಪ್ಪು ಹಾಕಿದೆನೋ ಇಲ್ಲವೋ ಅಂತ ಅನುಮಾನ ಬಂತು. ಹಳೇ ಅಭ್ಯಾಸದಂತೆ ಚೂರು ಬಾಯಿಗೆ ಹಾಕಿಕೊಂಡೆ. ಸುಣ್ಣ ತಿಂದ ಹಾಗಿತ್ತು. ಉಪ್ಪಿಲ್ಲ ಅಂದುಕೊಂಡು ಮತ್ತೆ ಹಾಕಿಬಿಟ್ಟೆ.

ಬ್ರೆಡ್ಡು ಭಟ್ಟಿಯಿಂದ ಹೊರಬರುವ ಹೊತ್ತಿಗೆ ಸರಿಯಾಗಿ ಕನ್ನಡಕದಂಗಡಿಯವನು ಬಂದ. ಹೌದು, ಅವನೇ. ಒಂದೆರಡು ವರ್ಷ ನನ್ನ ಜೊತೆಗಿದ್ದು, ನಾನು ಆಸ್ಪತ್ರೆ ಸೇರಿದ ವಾರವೇ ನಾಪತ್ತೆಯಾದವನು. ಕೂದಲು ಬಂದಿದೆಯಲ್ಲ, ಚೆನ್ನಾಗಿ ಕಾಣ್ತೀಯ ಅಂದ. ಆಗ ಹೆದರಿಬಿಟ್ಟಿದ್ದೆ, ಈಗ ಮತ್ತೆ ಒಟ್ಟಿಗೆ ಇರೋಣ ಅಂದ. ಸುಳ್ಳೇಕೆ ಹೇಳಲಿ, ಮನಸ್ಸು ಕರಗಿತು. ಬಿಸಿ ಬ್ರೆಡ್ಡಿನ ತುಂಡೊಂದನ್ನು ಕೈಗಿಟ್ಟೆ. ತಿಂದವನ ಕಣ್ಣಲ್ಲಿ ನೀರಾಡಿತು. ಅಮೃತ ಕಣೇ, ನಿನ್ನ ಕೈರುಚಿಯೇ ಬೇರೆ ಅಂದ. ಪಾಪ, ಹಳೆಯದೆಲ್ಲ ನೆನಪಾಯಿತೇನೋ ಅಂದುಕೊಂಡೆ.

ಅಷ್ಟರಲ್ಲಿ ಭಟ್ಟಿ ನೋಡಿಕೊಳ್ಳುವ ನಮ್ಮ ಭಟ್ಟಿಯಣ್ಣ ಅದೇ ಬ್ರೆಡ್ಡು ಮುರಿದು ಬಾಯಿಗೆ ಹಾಕಿ ಥೂ ಅಂತ ಉಗುಳಿದ. ಏನಮ್ಮಾ ತಾಯಿ, ಸಮುದ್ರಾನೇ ಸುರಿದುಬಿಟ್ಟೆಯಾ, ಇದನ್ನ ತಿಂದ್ರೆ ಎಮ್ಮೆ ಕೂಡ ಕೆರೆ ಖಾಲಿ ಮಾಡುತ್ತೆ ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿದ.

ನಾನು ಕನ್ನಡಕದವನ ಮುಖ ನೋಡಿದೆ. ಅವನು ನೆಲ ನೋಡಿದ. ಪುಟ್ಟೀ, ನಿಮ್ಮಣ್ಣನೂ ಹಾಗೇ ಅಲ್ಲವಾ, ತಟ್ಟೆಯಿಂದ ತಲೆ ಎತ್ತದೆ ಚೆನ್ನಾಗಿದೆ ಚೆನ್ನಾಗಿದೆ ಅನ್ನುತ್ತಲೇ ಒಂದು ದಿನ ಎದ್ದು ಹೋದರು. ಇನ್ನೊಂದು ಸಲ ಆ ಮಾತು ನಂಬಿಕೊಂಡು ಬಾಳಲು ನನ್ನಿಂದ ಆಗದು. ಹಾಗೆಂದೇ ಹೇಳಿ ಅವನನ್ನು ಕಳಿಸಿದೆ.

ಯಜಮಾನಮ್ಮನಿಗೂ ನಾಲಿಗೆಯ ವಿಷಯ ಹೇಳಿದೆ. ಮುಚ್ಚಿಟ್ಟಿದ್ದಕ್ಕೆ ಚೆನ್ನಾಗಿ ಬೈದು ಗಲ್ಲಾದ ಕಡೆ ಕೈ ತೋರಿಸಿದರು. ಭಟ್ಟಿಯಣ್ಣ ಅಡ್ಡ ಬಂದ. ಕೈ ಅವಳದು, ನಾಲಿಗೆ ನಂದು, ಇಬ್ರೂ ಸೇರಿದ್ರೆ ಹೇಗೋ ಒಂದು ಆಳಾಗ್ತೀವಿ, ನಂಗೂ ಮಂಡಿ ಎಲ್ಲಿ ನೆಟ್ಟಗಿದೆ ಅಂದ. ಯಜಮಾನಮ್ಮನಿಗೇ ನಗು ತಡೆಯಲಾಗಲಿಲ್ಲ.

ಕೋರ್ಟು ಏನೇ ಹೇಳಿರಲಿ,
ನಿನ್ನ ಅತ್ತಿಗೆ

ತಾ.ಕ.: ಕನ್ನಡಕದವನು ಹೊರಡುವಾಗ ಅದೇ ಹಿಟ್ಟಿನ ಇಡೀ ಬ್ರೆಡ್ಡೊಂದನ್ನು ಕಟ್ಟಿಕೊಟ್ಟೆ. ಅಮೃತ ಅಂದವನಿಗೆ ಬೇಡ ಅನ್ನಲು ಬಾಯಿ ಬರಲಿಲ್ಲ. ಉಪ್ಪು ತಿಂದವನು ನೀರು ಕುಡಿಯಲಿ ಬಿಡು. ಮನೆಗೆ ಬಂದು ಒಂದಿಷ್ಟು ಅತ್ತೆ, ಅದನ್ನು ಮಾತ್ರ ಮೇಲೆ ಬರೆದಿಲ್ಲ. ನಾಳೆ ಬೆಳಗಿನ ಹಿಟ್ಟು ನನ್ನದೇ.