ಮಧ್ಯಾಹ್ನ ಹೇಳದೆ ಉಳಿದ ಮಾತು

ಎರಡನೆಯ ಬೇಸಿಗೆಯ ನಲವತ್ತನೆಯ ದಿನ,
ಕೂಟ ಬಿಟ್ಟ ಮೂವತ್ತೊಂದನೆಯ ವರ್ಷ (ಹಳೆಯ ಎಣಿಕೆಯಲ್ಲಿ 2417),
ಸೇತುವೆಗಟ್ಟಿ, ಬಯಲುನಾಡು.

ನನ್ನ ಮಗಳು ಕಸ್ತೂರಿಗೆ ಆಚೆ ದಂಡೆಯಲ್ಲಿ ಹುಟ್ಟಿದ ಮಕ್ಕಳಿಗೆ, ಇನ್ನು ಹುಟ್ಟಲಿರುವ ಅವರ ಮಕ್ಕಳಿಗೆ, ಫಕೀರವ್ವಜ್ಜಿ ಮಾಡುವ ಆಶೀರ್ವಾದಗಳು.

ನಿಮಗೆ ಈ ಭಾಷೆ ಎಷ್ಟು ಉಳಿದಿದೆಯೋ ನಾನರಿಯೆ. ನನ್ನ ಮಾತು ಒರಟೆನಿಸಿದರೆ, ಹಳತೆನಿಸಿದರೆ ತಪ್ಪು ತಿಳಿಯಬೇಡಿ. ನಾನು ಶಾಲೆಗೆ ಹೋದವಳಲ್ಲ. ಸೇತುವೆಯ ಮೇಲೆ ಮಜ್ಜಿಗೆ ಮಾರುತ್ತ, ಹೋಗಿಬರುವ ಬಿಸಿಲುಬಂಡಿಗಳ ಹಲಗೆ ನೋಡಿ ಅಕ್ಷರ ಕಲಿತವಳು. ಬಿಸಿಲುಬಂಡಿ ಎಂದರೆ ಬಿಸಿಲು ಕುಡಿದು ಓಡುವ ಗಾಡಿ. ನಿಮ್ಮ ಕಡೆ ಅದಕ್ಕೆ ಬೇರೆ ಹೆಸರಿರಬಹುದು. ಮೂವತ್ತೊಂದು ವರ್ಷದ ಮೇಲೆ ಈಗ ಮನೆಗೊಂದು ಕಾಗದವನ್ನು ಹೊಳೆ ದಾಟಿಸಲು ಎರಡೂ ಸರಕಾರಗಳು ಒಪ್ಪಿವೆ. ಇದನ್ನು ಕಸ್ತೂರಿಗೇ ಬರೆಯಬೇಕಿತ್ತು. ಹೋದ ವರ್ಷ ಎರಡೂ ಕಡೆ ತೀರಿಕೊಂಡವರ ಪಟ್ಟಿ ಅದಲುಬದಲಾದಾಗ ಅದರಲ್ಲಿ ಅವಳ ಹೆಸರು ಕಂಡಿತು. ಹಾಗಾಗಿ ನಿಮಗೆ ಬರೆಯುತ್ತಿದ್ದೇನೆ. ಅಜ್ಜಿಯೇ ನಿಂತು ಸೇತುವೆ ಮುಚ್ಚಿಸಿದಳು ಎಂದು ನೀವು ಕೇಳಿರುತ್ತೀರಿ. ಆ ಮಾತು ಪೂರ್ತಿ ಸುಳ್ಳಲ್ಲ. ಅದಕ್ಕೇ ಈ ಕಾಗದ.

ನಮ್ಮ ಬಯಲುನಾಡು ಆಗ ಹನ್ನೊಂದು ನಾಡುಗಳ ಕೂಟದಲ್ಲಿತ್ತು. ನೀರು, ರಸ್ತೆ, ಕಾನೂನು ಎಲ್ಲ ಒಂದೇ. ನಿಮ್ಮ ದಂಡೆಯೂ ಕೂಟದ್ದೇ, ನಮ್ಮದೂ ಕೂಟದ್ದೇ. ಬೆಳಿಗ್ಗೆ ಇಲ್ಲಿ ರೊಟ್ಟಿ ತಿಂದು ಅಲ್ಲಿ ಕೆಲಸಕ್ಕೆ ಹೋಗಿ, ನೆರಳುಗಂಟೆಗೆ ಮುಂಚೆ ಮನೆಗೆ ಬರುತ್ತಿದ್ದರು. ನೆರಳುಗಂಟೆ ಎಂದರೆ ಹನ್ನೊಂದರಿಂದ ನಾಲ್ಕು. ಆ ಹೊತ್ತಿನಲ್ಲಿ ಹೊರಗೆ ನಿಂತವರು ಬದುಕಿ ಉಳಿಯುತ್ತಿರಲಿಲ್ಲ. ಮದುವೆಗಳೂ ಹೊಳೆಯ ಈಚೆಗೆ ಆಚೆಗೆ ನಡೆಯುತ್ತಿದ್ದವು. ಕಸ್ತೂರಿಯನ್ನು ನಿಮ್ಮ ಊರಿಗೆ ಕೊಟ್ಟಾಗ ದೂರ ಕೊಟ್ಟೆನೆಂದು ಯಾರೂ ಅನ್ನಲಿಲ್ಲ. ನನ್ನ ಕಟ್ಟೆಯಿಂದ ಕೂಗಿದರೆ ಅವಳ ಅತ್ತೆಯ ಮನೆಯ ನಾಯಿ ತಲೆಯೆತ್ತುತ್ತಿತ್ತು.

ಕೂಟ ಬಿಡಬೇಕೆಂಬುದರಲ್ಲಿ ನಮ್ಮಲ್ಲಿ ಜಗಳವಿರಲಿಲ್ಲ. ನಮ್ಮ ಕೆರೆಗಳ ನೀರನ್ನು ನಮ್ಮನ್ನು ಕೇಳದೆಯೇ ಹಂಚುತ್ತಿದ್ದರು, ಎಲ್ಲರಿಗೂ ಸಾಕಾಗಿತ್ತು. ಜಗಳವಿದ್ದದ್ದು ಹೇಗೆ ಬಿಡಬೇಕೆಂಬುದರ ಮೇಲೆ. ಒಂದೇ ದಿನದಲ್ಲಿ ಎಲ್ಲ ಕಡಿದುಕೊಳ್ಳಬೇಕು, ಸೇತುವೆಗಳನ್ನೂ ಮುಚ್ಚಬೇಕು ಅಂದವರನ್ನು ಕಡಿಯುವವರು ಎನ್ನುತ್ತಿದ್ದೆವು. ಮೂರು ವರ್ಷ ತೆಗೆದುಕೊಂಡು ಒಂದೊಂದೇ ಗಂಟು ಬಿಚ್ಚೋಣ, ಸೇತುವೆ ತೆರೆದೇ ಇರಲಿ ಅಂದವರು ಬಿಚ್ಚುವವರು. ನಾನು ಬಿಚ್ಚುವವಳು. ಅಣ್ಣತಮ್ಮಂದಿರು ಒಂದೇ ಒಲೆಯ ಮುಂದೆ ಬೆನ್ನು ಮಾಡಿ ಕೂತು ಉಂಡ ಕಾಲ ಅದು. ನಮ್ಮ ಓಣಿಯ ಸೂಲಗಿತ್ತಿ, ಹೆರಿಗೆಗೆ ಕರೆಯಲು ಬಂದವನನ್ನು ಮೊದಲು ನೀನು ಯಾವ ಕಡೆ ಎಂದು ಕೇಳಿದಳಂತೆ. ಅವನು ನಾನು ಮಗುವಿನ ಕಡೆ ಅಂದನಂತೆ. ನಕ್ಕದ್ದು ಅದೊಂದಕ್ಕೇ.

ಇಂಥ ಜಗಳಕ್ಕೆ ಸೇತುವೆಗಟ್ಟಿಯಲ್ಲಿ ಹಿಂದಿನಿಂದ ಬಂದ ಪದ್ಧತಿಯೊಂದಿತ್ತು. ಅದಕ್ಕೆ ಎದುರುಮಾತು ಎನ್ನುತ್ತಿದ್ದರು. ಎರಡೂ ಕಡೆಯಿಂದ ಒಬ್ಬೊಬ್ಬರನ್ನು ಆರಿಸಬೇಕು. ಆರಿಸಿದವರು ಎಂಟು ದಿನ ಎದುರಿನವರ ಮನೆಯಲ್ಲಿ ಉಂಡು ಅವರ ಮಾತು ಕಲಿಯಬೇಕು. ಸಭೆಯ ದಿನ ಮುಂಜಾನೆ ಎದುರಿನವರ ಪರವಾಗಿ, ಅವರೇ ಭೇಷ್ ಅನ್ನುವ ಹಾಗೆ ಮಾತಾಡಬೇಕು. ಆಮೇಲೆ ಎಲ್ಲರೂ ಸೇರಿ ಊಟ, ನೆರಳುಗಂಟೆಯ ನಿದ್ದೆ. ಎದ್ದ ಮೇಲೆ ತಮ್ಮ ಸ್ವಂತ ಮಾತು. ಒಂದು ಕಟ್ಟು ಇತ್ತು: ಬೆಳಿಗ್ಗೆ ಅವರಿಗಾಗಿ ಬಳಸಿದ ಮಾತನ್ನು ಮಧ್ಯಾಹ್ನ ನಿಮಗಾಗಿ ಬಳಸುವಂತಿಲ್ಲ. ಒಬ್ಬರು ಒಂದು ಮಾತನ್ನು ಎರಡೂ ತಕ್ಕಡಿಗೆ ಹಾಕಬಾರದು ಎಂದು ಹಿರಿಯರು ಮಾಡಿದ್ದು.

ಕಡಿಯುವವರ ಕಡೆಯಿಂದ ಹರಿಗೋಲಿನ ದುರಗಪ್ಪ, ಬಿಚ್ಚುವವರ ಕಡೆಯಿಂದ ನಾನು. ದುರಗಪ್ಪ ಕೆಟ್ಟವನಲ್ಲ. ಅವನ ಅಣ್ಣ ಕೂಟದ ಅಣೆಕಟ್ಟಿನ ಕೆಲಸಕ್ಕೆ ಹೋಗಿ ತಿರುಗಿ ಬರಲಿಲ್ಲ, ಹೆಣವನ್ನೂ ಕೊಡಲಿಲ್ಲ. ಅವರ ಮನೆಯಲ್ಲಿ ಎಂಟು ದಿನ ನುಚ್ಚು, ಪುಂಡಿಪಲ್ಲೆ ಉಂಡೆ. ಅವನ ತಾಯಿ ಆ ಮಗನ ಅಂಗಿಯನ್ನು ಒಗೆಯದೆ ಇಟ್ಟುಕೊಂಡದ್ದನ್ನು ನೋಡಿದೆ. ಅವರ ಸಿಟ್ಟು ನನಗೆ ತಿಳಿಯಿತು. ಏಳನೆಯ ದಿನ ದುರಗಪ್ಪ ತಲೆ ತಗ್ಗಿಸಿಕೊಂಡೇ ಒಂದು ಮಾತು ಕೇಳಿದ.

“ಅಕ್ಕಾ, ನಿನ್ನ ಮಗಳ ಹೆಸರು ತಗೊಂಡು ಹೇಳಿದ್ರ ನಮ್ಮ ಮಾತಿಗೆ ತೂಕ ಬರ್ತೈತಿ. ಒಲ್ಲೆ ಅಂದ್ರ ಬ್ಯಾಡ. ನಾ ಏನೂ ಅನ್ನಂಗಿಲ್ಲ.”

ಒಲ್ಲೆ ಎನ್ನಬಹುದಿತ್ತು. ಎದುರಿನವರ ಮಾತನ್ನು ಚೆನ್ನಾಗಿ ಹೇಳುವುದರಲ್ಲಿ ನಮ್ಮೂರಿನವರಿಗೆ ಒಂದು ಹಮ್ಮು. ಕಳಪೆಯಾಗಿ ಹೇಳಿದವರ ಮನೆಗೆ ಹೆಣ್ಣು ಕೊಡುತ್ತಿರಲಿಲ್ಲ. ಆ ಹಮ್ಮು ನನಗೂ ಇತ್ತು ಮಕ್ಕಳೇ. ಎಂಟು ದಿನವೂ ದುರಗಪ್ಪನ ಮಾತನ್ನೇ ತಿದ್ದಿದೆ, ತೀಡಿದೆ. ನನ್ನ ಮಾತು ನನ್ನೊಳಗೇ ಇದೆ, ಅದೆಲ್ಲಿಗೆ ಹೋಗುತ್ತದೆ ಎಂದು ಬಿಟ್ಟುಬಿಟ್ಟೆ.

ಸಭೆಯ ದಿನ ದುರಗಪ್ಪ ಮೊದಲು ಎದ್ದು ನಮ್ಮ ಪರವಾಗಿ ಮಾತಾಡಿದ. ಪಾಪ, ಪ್ರಾಮಾಣಿಕವಾಗಿ ಹೇಳಿದ, ಆದರೆ ಅವನು ಮಾತುಗಾರನಲ್ಲ. ಆಮೇಲೆ ನಾನು ಎದ್ದೆ. ಮೂರು ವರ್ಷ ಹೊಸ್ತಿಲಲ್ಲಿ ನಿಂತು ಹೋಗಿಬರುತ್ತೇನೆ ಅನ್ನುವವನನ್ನು ಒಳಗಿನವರೂ ನಂಬುವುದಿಲ್ಲ, ಹೊರಗಿನವರೂ ನಂಬುವುದಿಲ್ಲ ಅಂದೆ. ಅಷ್ಟರಲ್ಲಿ ಕೂಟದವರು ನಮ್ಮ ಕೆರೆಗಳ ನೀರನ್ನು ತಳ ಕಾಣುವವರೆಗೆ ಎತ್ತುತ್ತಾರೆ ಅಂದೆ. ಕೊನೆಗೆ, ನನ್ನ ಮಗಳೂ ಆಚೆ ದಂಡೆಯಲ್ಲಿದ್ದಾಳೆ, ಅವಳು ಯಾವ ದಂಡೆಯವಳೆಂದು ಅವಳೇ ಆರಿಸಿಕೊಳ್ಳಲಿ, ಒಬ್ಬಳ ಹೆಜ್ಜೆಗಾಗಿ ಒಂದು ನಾಡು ಕಾಯಬಾರದು ಅಂದೆ. ದುರಗಪ್ಪನ ತಾಯಿ ಸೆರಗು ಬಾಯಿಗಿಟ್ಟುಕೊಂಡಳು. ಕಡಿಯುವವರೇ ಎದ್ದು ಭೇಷ್ ಅಂದರು. ನಾನು ಖುಷಿಯಿಂದ ಊಟಕ್ಕೆ ಕೂತೆ.

ಹೇಗೆ ಬಿಡಬೇಕೆಂದು ಅಂದೇ ಮತ ಹಾಕಬೇಕಿದ್ದ ಬಯಲುನಾಡಿನ ನಲವತ್ತು ಊರುಗಳವರು ನಮ್ಮ ಸಭೆಯನ್ನು ಕೇಳುಪೆಟ್ಟಿಗೆಯಲ್ಲಿ ಕೇಳುತ್ತಿದ್ದರು. ಕೇಳುಪೆಟ್ಟಿಗೆ ಎಂದರೆ ದೂರದ ದನಿಯನ್ನು ತಂದುಕೊಡುವ ಡಬ್ಬಿ. ಆ ಊರುಗಳಲ್ಲಿ ನಮ್ಮ ಪದ್ಧತಿ ಇರಲಿಲ್ಲ. ಇದು ಅರ್ಧ ಮಾತ್ರ, ಇನ್ನರ್ಧ ಊಟದ ಮೇಲೆ ಎಂದು ಅವರಿಗೆ ಹೇಳಬೇಕೆಂದು ನಮಗ್ಯಾರಿಗೂ ಹೊಳೆಯಲಿಲ್ಲ. ನಮಗದು ಉಸಿರಾಡಿದಷ್ಟು ಸಹಜವಾಗಿತ್ತು. ಮಗಳು ಆಚೆ ಇರುವ ತಾಯಿಯೇ ಕಡಿಯಿರಿ ಅಂದಳಲ್ಲ ಎಂದುಕೊಂಡು ಅವರು ನೆರಳುಗಂಟೆಗೆ ಮುಂಚೆಯೇ ಮತ ಹಾಕಿ ಮಲಗಲು ಹೋದರು. ನಾಲ್ಕಕ್ಕೆ ನಾನೆದ್ದು ನನ್ನ ಮಾತು ಆರಂಭಿಸಿದಾಗ ಹೊರಗೆ ಕೇಳುವವರಿರಲಿಲ್ಲ.

ಕೇಳಿದ್ದರೂ ಏನಾಗುತ್ತಿತ್ತೋ. ಆ ಮಧ್ಯಾಹ್ನ ನಾನು ನೀರಿನ ಪಾಲು, ಸುಂಕ, ಬಿತ್ತನೆಬೀಜ ಎಂದು ಮಾತಾಡಿದೆ. ಎಲ್ಲ ಸರಿಯಾದ ಮಾತುಗಳೇ. ಕಸ್ತೂರಿಯ ಹೆಸರು ನಾಲಿಗೆಯ ತುದಿಗೆ ಬಂತು. ಅದನ್ನು ಬೆಳಿಗ್ಗೆ ಕೊಟ್ಟಾಗಿತ್ತು. ಕಟ್ಟು ಮುರಿಯಬಾರದೆಂದು ನುಂಗಿಕೊಂಡೆ.

ಕಡಿಯುವವರು ಗೆದ್ದರು. ಹದಿನೈದು ದಿನದಲ್ಲಿ ಸೇತುವೆ ಮುಚ್ಚುವುದೆಂದಾಯಿತು. ಆಚೆ ದಂಡೆಯಲ್ಲಿ ಹುಟ್ಟಿದವರನ್ನು ನಮ್ಮವರು ಒಳಗೆ ಸೇರಿಸರು. ಐವತ್ತು ದಾಟಿದವರನ್ನು ಕೂಟದವರು ಸೇರಿಸರು. ಕಸ್ತೂರಿ ಬರುವುದಾದರೆ ಗಂಡನನ್ನೂ ಎಂಟು ತಿಂಗಳ ಕೂಸನ್ನೂ ಬಿಟ್ಟು ಬರಬೇಕು. ನನಗಾಗ ಐವತ್ತೆರಡು.

ಕೊನೆಯ ದಿನ ಅವಳು ಕೂಸನ್ನೆತ್ತಿಕೊಂಡು ಸೇತುವೆಯ ನಡುವಿನವರೆಗೆ ಬಂದಳು. ಆ ಕೂಸು ನಿಮ್ಮಲ್ಲೊಬ್ಬರು. ನನ್ನ ಬೆರಳು ಹಿಡಿದು ಬಿಡಲಿಲ್ಲ. ನಾನು ಕ್ಷಮೆ ಕೇಳಬೇಕೆಂದು ಹೋದವಳು, ಎಲ್ಲರೂ ಬೆಳಗಿನದಷ್ಟೇ ಕೇಳಿ ಹೀಗೆ ಮಾಡಿದರು ಎಂದು ಹೊರಗಿನ ಊರವರ ಮೇಲೆ ಹಾಕಿದೆ. ಕಸ್ತೂರಿ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

“ಯವ್ವಾ, ನಾ ಪೂರ್ತಿ ಕೇಳೀನಿ. ಊಟ ಆದಮ್ಯಾಲಿಂದೂ ಕೇಳೀನಿ,” ಅಂದಳು. “ಮುಂಜಾನೆ ನನ್ನ ಹೆಸರು ತಗೊಂಡಿ. ಮಧ್ಯಾಹ್ನ ಯಾಕ ತಗೊಳ್ಳಲಿಲ್ಲ?”

“ಪದ್ಧತಿ ಐತೆಲ್ಲವ್ವ,” ಅಂದೆ.

ಅವಳು ಕೂಸಿನ ಬೆರಳುಗಳನ್ನು ಒಂದೊಂದಾಗಿ ನನ್ನ ಬೆರಳಿನಿಂದ ಬಿಡಿಸಿಕೊಂಡಳು. ಕಾವಲಿನವರು ಹೊತ್ತಾಯಿತು ಅಂದರು.

ಆಮೇಲೆ ಈಚೆ ದಂಡೆಯಲ್ಲಿ ಆದದ್ದನ್ನೂ ಹೇಳುತ್ತೇನೆ. ಕಡಿದದ್ದರಿಂದ ನಮ್ಮ ಕೆರೆ ಉಳಿದವು, ಅದು ನಿಜ; ದುರಗಪ್ಪನ ತಾಯಿ ನೆಮ್ಮದಿಯಿಂದ ಕಣ್ಣುಮುಚ್ಚಿದಳು, ಅದೂ ನಿಜ. ದುರಗಪ್ಪ ಮಾತ್ರ ಆ ವರ್ಷದಿಂದ ಹರಿಗೋಲು ನೀರಿಗಿಳಿಸಲಿಲ್ಲ. ಊರವರು ಎದುರುಮಾತಿನ ಪದ್ಧತಿಯನ್ನೇ ಬಿಟ್ಟರು. ಈಗ ಸಭೆಗಳು ಬೇಗ ಮುಗಿಯುತ್ತವೆ. ಯಾರೂ ಯಾರ ಮನೆಯಲ್ಲೂ ಉಣ್ಣುವುದಿಲ್ಲ. ನನಗೆ ಅದೂ ಸರಿ ಕಾಣುವುದಿಲ್ಲ. ನೀವು ಎಂದಾದರೂ ಜಗಳಕ್ಕೆ ನಿಂತರೆ ಎದುರಿನವರ ಮಾತನ್ನು ಕಲಿಯಿರಿ, ಅವರ ಅನ್ನ ಉಣ್ಣಿರಿ. ನಿಮ್ಮ ಮನೆಯವರ ಹೆಸರನ್ನು ಮಾತ್ರ ಅವರ ಕೈಗೆ ಕೊಡಬೇಡಿ.

ಕಸ್ತೂರಿ ಕೇಳಿದ್ದಕ್ಕೆ ನಾನು ಸೇತುವೆಯ ಮೇಲೆ ಕೊಟ್ಟದ್ದು ಉತ್ತರವಲ್ಲ. ಅವಳ ಗೋರಿ ಎಲ್ಲಿದೆಯೋ ನನಗೆ ತಿಳಿಯದು. ನಿಮ್ಮಲ್ಲಿ ಯಾರಿಗಾದರೂ ಈ ಭಾಷೆ ಬಾಯಲ್ಲಿ ಹೊರಳುವುದಾದರೆ ಅಲ್ಲಿಗೆ ಹೋಗಿ ಇದನ್ನು ಗಟ್ಟಿಯಾಗಿ ಓದಿ. ನಾಲ್ಕು ಗಂಟೆಯ ಮೇಲೆ ಹೋಗಿ, ಅದಕ್ಕೆ ಮುಂಚೆ ಬಿಸಿಲಿರುತ್ತದೆ.

ಮಗಳೇ ಕಸ್ತೂರಿ, ನೀರಿನ ಪಾಲು ನನಗೆ ಬೇಕಿರಲಿಲ್ಲ, ಸುಂಕವೂ ಬೇಕಿರಲಿಲ್ಲ. ನೀನು ಹೋಗಿಬರುತ್ತಿರಬೇಕೆಂದೇ ಸೇತುವೆ ತೆರೆದಿರಲಿ ಅಂದವಳು ನಾನು. ಅದನ್ನು ಹೇಳದೆ ಕೂತುಬಿಟ್ಟೆ.

ನಿನ್ನ ಅವ್ವ,
ಫಕೀರವ್ವ